ಸ್ಕಾಲರ್‌ಶಿಪ್ ಇಲ್ಲದ ಮೈದಾನದಲ್ಲಿ ಒಂದೇ ತಂಡ ಗೆಲ್ಲುತ್ತಾ ಹೋದದ್ದು ಹೇಗೆ: ಮೌಂಟ್ ಯೂನಿಯನ್ ಪ್ರಕರಣ

ಮೊದಲು ಒಂದು ಲೆಕ್ಕ ಕೇಳಿ. 1996ರ ಸೀಸನ್‌ನಿಂದ 2003ರ ಡಿಸೆಂಬರ್‌ವರೆಗೆ ಒಂದು ಕಾಲೇಜು ತಂಡ 110 ಪಂದ್ಯ ಆಡಿ 109 ಗೆದ್ದಿತು. ಸತತ 54 ಗೆಲುವು, ಒಂದು ಸೋಲು, ಮತ್ತೆ ಸತತ 55 ಗೆಲುವು. ಎಂಟು ವರ್ಷ ಅಂದರೆ ಕಾಲೇಜಿನಲ್ಲಿ ಎರಡು ತಲೆಮಾರು. ಶುರುವಿನಲ್ಲಿ ಆಡಿದ ಹುಡುಗರೆಲ್ಲ ಓದು ಮುಗಿಸಿ, ಕೆಲಸ ಹಿಡಿದು, ಮದುವೆ ಮಾಡಿಕೊಂಡು ಹೋದ ಮೇಲೂ ಅದೇ ನೇರಳೆ ಬಣ್ಣದ ಜೆರ್ಸಿ ಗೆಲ್ಲುತ್ತಲೇ ಇತ್ತು.

ಆ ತಂಡ ಮೌಂಟ್ ಯೂನಿಯನ್. ಓಹಿಯೋ ರಾಜ್ಯದ ಈಶಾನ್ಯದಲ್ಲಿ ಅಲಯನ್ಸ್ ಅಂತ ಇಪ್ಪತ್ತು ಸಾವಿರ ಚಿಲ್ಲರೆ ಜನರ ಊರು. ಅಲ್ಲಿ 1846ರಲ್ಲಿ ಶುರುವಾದ ಖಾಸಗಿ ಕಾಲೇಜು ಇದು. 2010ರಿಂದ ಯೂನಿವರ್ಸಿಟಿ ಅಂತ ಕರೆದುಕೊಳ್ಳುತ್ತಿದೆ, ಆದರೂ ಓದುವವರು ಸುಮಾರು ಎರಡು ಸಾವಿರ, ಅಷ್ಟೇ. ನಾನು ಹೇಳುತ್ತಿರುವುದು ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಆಟ. ನಮ್ಮಲ್ಲಿ ಇದನ್ನು ನೋಡುವವರು ಕಡಿಮೆ. ಆದರೆ ಆಟದ ನಿಯಮ ಗೊತ್ತಿಲ್ಲದಿದ್ದರೂ ಈ ಕಥೆ ಅರ್ಥವಾಗುತ್ತದೆ, ಯಾಕೆಂದರೆ ಇದು ಚೆಂಡಿನ ಕಥೆಗಿಂತ ಜಾಸ್ತಿ ಒಂದು ಸಂಸ್ಥೆ ಹೇಗೆ ನಡೆಯುತ್ತದೆ ಅನ್ನುವ ಕಥೆ.

ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ 1973ರಲ್ಲಿ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿತು. ಡಿವಿಷನ್ 1ರ ಮೇಲಿನ ಹಂತದಲ್ಲಿ ಬಹಳ ವರ್ಷ ಒಂದು ಫುಟ್‌ಬಾಲ್ ತಂಡಕ್ಕೆ 85 ಸ್ಕಾಲರ್‌ಶಿಪ್ ಕೊಡಬಹುದಿತ್ತು. ಡಿವಿಷನ್ 2ರಲ್ಲಿ 36. ಡಿವಿಷನ್ 3ರಲ್ಲಿ ಸೊನ್ನೆ. ಆಟ ಚೆನ್ನಾಗಿ ಆಡುತ್ತೀಯ ಅಂತ ಒಂದು ಡಾಲರ್ ಕೂಡ ಕೊಡುವಂತಿಲ್ಲ. ಮನೆಯ ಆದಾಯ ಕಡಿಮೆ ಇದ್ದರೆ, ಅಥವಾ ಅಂಕ ಚೆನ್ನಾಗಿದ್ದರೆ, ಬೇರೆ ಎಲ್ಲ ವಿದ್ಯಾರ್ಥಿಗಳಿಗೆ ಕೊಡುವ ಹಾಗೆ ಫೀಸಿನಲ್ಲಿ ನೆರವು ಕೊಡಬಹುದು. ಮೌಂಟ್ ಯೂನಿಯನ್ ಆಡುವುದು ಈ ಮೂರನೇ ಡಿವಿಷನ್‌ನಲ್ಲಿ. ಸುಮಾರು 240 ತಂಡಗಳಿವೆ.

ಹಾಗಾದರೆ ಇಲ್ಲಿ ಎಲ್ಲರೂ ಸಮ ಸಮ ಇರಬೇಕಲ್ವಾ? ದುಡ್ಡು ಕೊಟ್ಟು ಆಟಗಾರರನ್ನು ಎಳೆದುಕೊಳ್ಳಲು ಆಗುವುದಿಲ್ಲ. ಟಿವಿ ಹಕ್ಕಿನ ಕೋಟಿಗಳಿಲ್ಲ. ಒಂದು ವರ್ಷ ಇವರು, ಇನ್ನೊಂದು ವರ್ಷ ಅವರು ಗೆಲ್ಲಬೇಕಿತ್ತು. ಆಗಿದ್ದು ಮಾತ್ರ ತದ್ವಿರುದ್ಧ. 1993ರಿಂದ 2017ರ ನಡುವೆ ಮೌಂಟ್ ಯೂನಿಯನ್ 13 ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. 2005ರಿಂದ 2015ರವರೆಗೆ ಒಂದು ವರ್ಷವೂ ತಪ್ಪದೆ, ಸತತ 11 ಸಲ ಫೈನಲ್‌ಗೆ ಹೋಯಿತು. ಆ ಫೈನಲ್‌ಗೆ ಸ್ಟ್ಯಾಗ್ ಬೌಲ್ ಅಂತ ಹೆಸರು. ಎಷ್ಟೋ ವರ್ಷ ಅದು ವರ್ಜೀನಿಯಾದ ಸೇಲಂ ಊರಿನಲ್ಲಿ ನಡೆಯುತ್ತಿತ್ತು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕಾಲರ್‌ಶಿಪ್ ಇಲ್ಲದಿರುವುದೇ ಈ ಏಕಸ್ವಾಮ್ಯಕ್ಕೆ ಮುಖ್ಯ ಕಾರಣ. ಕೇಳಲು ವಿಚಿತ್ರ ಅನಿಸಬಹುದು. ಆದರೆ ದುಡ್ಡು ಎಣಿಕೆಗೆ ಬರದ ಕಡೆ ಬೇರೆ ಏನೋ ಎಣಿಕೆಗೆ ಬರುತ್ತದೆ, ಮತ್ತು ಆ ಬೇರೆಯದಕ್ಕೆ ಯಾರೂ ಮಿತಿ ಹಾಕಿಲ್ಲ.

ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಕೋಚ್. ಲ್ಯಾರಿ ಕೇರಸ್. ಇದೇ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ಆಗಿ ಆಡಿ 1971ರಲ್ಲಿ ಪದವಿ ಮುಗಿಸಿದವರು. ಅದೇ ಕಾಲೇಜಿಗೆ ಸಹಾಯಕ ಕೋಚ್ ಆಗಿ ಬಂದವರು. 1986ರಿಂದ 2012ರವರೆಗೆ 27 ಸೀಸನ್ ಮುಖ್ಯ ಕೋಚ್. 332 ಗೆಲುವು, 24 ಸೋಲು, 3 ಡ್ರಾ. ವರ್ಷಕ್ಕೆ ಒಂದು ಸೋಲು ಕೂಡ ಇಲ್ಲ. ಕಾಲೇಜು ಫುಟ್‌ಬಾಲ್‌ನಲ್ಲಿ, ಯಾವ ಡಿವಿಷನ್ ತೆಗೆದುಕೊಂಡರೂ, ಇಷ್ಟು ಗೆಲುವಿನ ಪ್ರಮಾಣ ಇರುವ ಇನ್ನೊಬ್ಬ ಕೋಚ್ ಇಲ್ಲ. 13ರಲ್ಲಿ 11 ಪ್ರಶಸ್ತಿ ಅವರ ಕಾಲದ್ದೇ.

ಆದರೆ 'ಕೋಚ್ ಒಳ್ಳೆಯವರು' ಅಂದುಬಿಟ್ಟರೆ ವಿಷಯ ಮುಗಿಯುವುದಿಲ್ಲ. ಒಳ್ಳೆ ಕೋಚ್‌ಗಳು ಬೇಕಾದಷ್ಟು ಜನ ಇದ್ದಾರೆ. ಮೇಲಿನ ಡಿವಿಷನ್‌ನಲ್ಲಿ ಒಳ್ಳೆ ಕೋಚ್ ಅಂದರೆ ಇನ್ನೂ ದೊಡ್ಡ ಕಾಲೇಜಿಗೆ ಹೋಗುವವರು, ಎರಡು ವರ್ಷ ಸೋತರೆ ಮನೆಗೆ ಹೋಗುವವರು. ಇಲ್ಲಿ ಎರಡೂ ಆಗಲಿಲ್ಲ. ಕೇರಸ್‌ಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಎಂಟನೇ ಸೀಸನ್‌ನಲ್ಲಿ, 1993ರಲ್ಲಿ. ಅಲ್ಲಿಯವರೆಗೆ ಕಾಲೇಜು ಕಾದಿತು. ಪ್ರಶಸ್ತಿ ಬಂದ ಮೇಲೆ ಅವರೂ ಬಿಟ್ಟು ಹೋಗಲಿಲ್ಲ. ಅದರ ಜೊತೆಗೆ ಅವರೇ ಕಾಲೇಜಿನ ಕ್ರೀಡಾ ನಿರ್ದೇಶಕರೂ ಆಗಿದ್ದರು. ತಂಡಕ್ಕೆ ಏನು ಬೇಕು ಅಂತ ಕೇಳುವವರೂ ಅವರೇ, ಆ ಕೋರಿಕೆ ಮೊದಲು ಹೋಗಿ ತಲುಪುವ ಟೇಬಲ್ಲೂ ಅವರದೇ. 2013ರಲ್ಲಿ ಅವರ ಜಾಗಕ್ಕೆ ಬಂದದ್ದು ಮಗ ವಿನ್ಸ್ ಕೇರಸ್, ಇಲ್ಲೇ ಆಡಿ, ಇಲ್ಲೇ ಸಹಾಯಕ ಕೋಚ್ ಆಗಿದ್ದವರು. ಏಳು ಸೀಸನ್‌ನಲ್ಲಿ 95 ಗೆಲುವು, ಆರೇ ಸೋಲು, 2015 ಮತ್ತು 2017ರಲ್ಲಿ ಪ್ರಶಸ್ತಿ. ಅಂದರೆ 1986ರಿಂದ 2019ರವರೆಗೆ, 34 ಸೀಸನ್, ಹುಡುಗರಿಗೆ ಕಲಿಸಿದ ಪಾಠ ಒಂದೇ ಮನೆಯದು.

ಬೇರೆ ಕಡೆ ನೋಡಿದರೂ ಇದೇ ಕಾಣುತ್ತದೆ. ಮಿನ್ನೆಸೋಟಾದ ಸೇಂಟ್ ಜಾನ್ಸ್‌ನಲ್ಲಿ ಜಾನ್ ಗಲಿಯಾರ್ಡಿ 1953ರಿಂದ 2012ರವರೆಗೆ, 60 ಸೀಸನ್, ಒಂದೇ ಕುರ್ಚಿಯಲ್ಲಿದ್ದರು. ದುಡ್ಡಿನಿಂದ ಆಟಗಾರರನ್ನು ತರಲು ಆಗದ ಜಾಗದಲ್ಲಿ ಕೋಚ್‌ನ ವರ್ಷಗಳೇ ಬಂಡವಾಳ. ಒಬ್ಬ ಕೋಚ್ ಮೂವತ್ತು ವರ್ಷ ಸುತ್ತಲಿನ ಹೈಸ್ಕೂಲುಗಳಿಗೆ ಹೋಗಿ ಬರುತ್ತಿದ್ದರೆ, ಕೊನೆಕೊನೆಗೆ ಆ ಹೈಸ್ಕೂಲುಗಳಲ್ಲಿ ಪಾಠ ಮಾಡುವ ಕೋಚ್‌ಗಳೇ ಅವರ ಹಳೆ ಆಟಗಾರರಾಗಿರುತ್ತಾರೆ. ಒಳ್ಳೆ ಹುಡುಗ ಕಂಡರೆ ಅವರೇ ಕಳಿಸುತ್ತಾರೆ.

ಸುತ್ತಲಿನ ಹೈಸ್ಕೂಲು ಅಂದೆನಲ್ಲ, ಅದೂ ಸಾಮಾನ್ಯ ಜಾಗ ಅಲ್ಲ. ಅಲಯನ್ಸ್‌ನಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಕ್ಯಾಂಟನ್ ಸಿಗುತ್ತದೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಇವತ್ತಿನ ಎನ್‌ಎಫ್‌ಎಲ್ ಹುಟ್ಟಿದ್ದು 1920ರಲ್ಲಿ ಅಲ್ಲಿನ ಒಂದು ಕಾರ್ ಶೋರೂಮಿನಲ್ಲಿ. ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಇರುವುದೂ ಅಲ್ಲೇ. ಪಕ್ಕದ ಮ್ಯಾಸಿಲನ್‌ನಲ್ಲಿ ಆಸ್ಪತ್ರೆಯಲ್ಲಿ ಗಂಡು ಮಗು ಹುಟ್ಟಿದರೆ ಅದರ ಪಕ್ಕಕ್ಕೆ ಪುಟ್ಟ ಫುಟ್‌ಬಾಲ್ ಇಡುವ ಪದ್ಧತಿಯೇ ಇದೆ. ಈ ಎರಡು ಊರಿನ ಹೈಸ್ಕೂಲುಗಳ ನಡುವಿನ ಪಂದ್ಯ 1894ರಿಂದ ನಡೆದುಕೊಂಡು ಬಂದಿದೆ. ಇಂಥ ಕಡೆ ಎಷ್ಟೋ ಹುಡುಗರು ತುಂಬ ಚೆನ್ನಾಗಿ ಆಡುತ್ತಾರೆ, ಆದರೆ ದೊಡ್ಡ ಕಾಲೇಜಿನ ಕಣ್ಣಿಗೆ ಎರಡು ಇಂಚು ಕುಳ್ಳ, ಅಥವಾ ಹತ್ತು ಕೆಜಿ ಕಡಿಮೆ. ಅವರು ಮನೆ ಹತ್ತಿರವೇ ಉಳಿದು ಆಡುತ್ತಾರೆ. ಕೇರಸ್‌ಗೆ ಬೇಕಾಗಿದ್ದದ್ದು ಅವರೇ.

ಇದು ಇನ್ನೂ ಅರ್ಧ ಉತ್ತರ. ಓಹಿಯೋದಲ್ಲಿ ಡಿವಿಷನ್ 3 ಕಾಲೇಜುಗಳು ಒಂದೆರಡಲ್ಲ. ಇವರು ಸೇರಿರುವ ಕಾಲೇಜುಗಳ ಗುಂಪು, ಓಹಿಯೋ ಅಥ್ಲೆಟಿಕ್ ಕಾನ್ಫರೆನ್ಸ್, 1902ರಿಂದ ಇದೆ, ಆ ಕಾಲೇಜುಗಳೆಲ್ಲ ಇದೇ ರಾಜ್ಯದ ಹುಡುಗರ ಮೇಲೇ ಕಣ್ಣಿಟ್ಟಿರುತ್ತವೆ. ಅವರಿಗೆ ಯಾಕೆ ಆಗಲಿಲ್ಲ?

ಇಲ್ಲಿಗೆ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಮೇಲಿನ ಡಿವಿಷನ್‌ನಲ್ಲಿ ಆಟಗಾರ ಅಂದರೆ ಕಾಲೇಜಿಗೆ ಖರ್ಚು. ಡಿವಿಷನ್ 3ರಲ್ಲಿ ಆಟಗಾರ ಅಂದರೆ ಫೀಸು ಕಟ್ಟುವ ವಿದ್ಯಾರ್ಥಿ. ಸಣ್ಣ ಖಾಸಗಿ ಕಾಲೇಜು ಉಳಿಯಬೇಕಾದರೆ ಪ್ರತಿ ವರ್ಷ ಇಷ್ಟು ಅಂತ ಹೊಸ ವಿದ್ಯಾರ್ಥಿಗಳು ಬರಲೇಬೇಕು. ಫುಟ್‌ಬಾಲ್ ತಂಡ ಅವರನ್ನು ಕರೆದುಕೊಂಡು ಬರುತ್ತದೆ. 85 ಅನ್ನುವ ಮಿತಿ ಇಲ್ಲಿ ಇಲ್ಲ. ಹಾಗಾಗಿ ನೂರೈವತ್ತಕ್ಕೂ ಜಾಸ್ತಿ ಹುಡುಗರ ತಂಡಗಳೂ ಇಲ್ಲಿ ಇವೆ. ಎರಡು ಸಾವಿರ ಜನರ ಕಾಲೇಜಿನಲ್ಲಿ ಅದು ಎಷ್ಟು ದೊಡ್ಡ ಪಾಲು ಅಂತ ನೀವೇ ಲೆಕ್ಕ ಹಾಕಿ. ಮೈದಾನದಲ್ಲಿ ಒಂದು ಸಲಕ್ಕೆ ಆಡುವವರು 11 ಜನ. ದಾಳಿಗೆ ಬೇರೆ, ರಕ್ಷಣೆಗೆ ಬೇರೆ ಅಂತ ಹಿಡಿದರೂ 22. ಉಳಿದವರು?

ಒಂದು ನವೆಂಬರ್ ಶನಿವಾರ ಗೆಳೆಯನ ಜೊತೆ ನಾನು ಅಲ್ಲಿ ಗ್ಯಾಲರಿಯಲ್ಲಿ ಕೂತಿದ್ದೆ. ಚಳಿಗೆ ಕೈ ಮರಗಟ್ಟಿತ್ತು. ಹಾಫ್ ಟೈಮ್ ಹೊತ್ತಿಗೇ ಸ್ಕೋರು ಒಂದೇ ಕಡೆ ವಾಲಿಹೋಗಿತ್ತು, ನನಗೆ ಎದ್ದು ಹೋಗೋಣ ಅನಿಸಿತು. ಗೆಳೆಯ ಬೇಡ ಅಂದ, 'ಈಗ ನೋಡು' ಅಂದ. ಮೂರನೇ ಕ್ವಾರ್ಟರ್‌ಗೆ ಹೊರಬಂದ ಹುಡುಗರ ಪ್ಯಾಂಟು ಪೂರ್ತಿ ಶುಭ್ರ, ಒಂದು ಹುಲ್ಲಿನ ಕಲೆ ಇಲ್ಲ. ಎರಡನೇ ಸಾಲಿನವರು. ಸ್ವಲ್ಪ ಹೊತ್ತಾದ ಮೇಲೆ ಮೂರನೇ ಸಾಲಿನವರು. ಅವರಲ್ಲಿ ಲೈನಿನಲ್ಲಿ ನಿಲ್ಲುವ ಒಬ್ಬ ದಪ್ಪ ಹುಡುಗ, ಚೆಂಡು ಎತ್ತಿದ ತಕ್ಷಣ ಎಡಗಾಲು ಮೊದಲು ಇಡುವ ಬದಲು ಬಲಗಾಲು ಇಟ್ಟ. ಆಟಕ್ಕೇನೂ ತೊಂದರೆ ಆಗಲಿಲ್ಲ, ತಂಡಕ್ಕೆ ಐದಾರು ಗಜ ಸಿಕ್ಕಿತು. ಆದರೂ ಪಕ್ಕದಲ್ಲಿ ನಿಂತಿದ್ದ ಸಹಾಯಕ ಕೋಚ್ ಅವನನ್ನು ಹೊರಗೆ ಕರೆಸಿ, ಬಗ್ಗಿ, ಅವನ ಬೂಟು ಮುಟ್ಟಿ ತೋರಿಸಿದರು. ಹುಡುಗ ಅಲ್ಲೇ ಗೆರೆಯ ಪಕ್ಕ ನಾಲ್ಕೈದು ಸಲ ಎಡಗಾಲು ಇಟ್ಟು ಇಟ್ಟು ಅಭ್ಯಾಸ ಮಾಡಿ ಮತ್ತೆ ಒಳಗೆ ಓಡಿದ. ನಲವತ್ತು ಪಾಯಿಂಟ್ ಮುಂದಿದ್ದಾಗ, ಮೂರನೇ ಸಾಲಿನ ಹುಡುಗನ ಎಡಗಾಲಿನ ಬಗ್ಗೆ ಅಷ್ಟು ಕಾಳಜಿ. ನನಗೆ ಆ ದಿನದ ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಒಂದೂ ನೆನಪಿಲ್ಲ. ಆ ಬೂಟು ನೆನಪಿದೆ.

ಅಂದು ನನಗೆ ಹೊಳೆದದ್ದು ಇಷ್ಟು. ದೊಡ್ಡ ಅಂತರದಲ್ಲಿ ಗೆಲ್ಲುವ ತಂಡದ ಮೀಸಲು ಹುಡುಗರಿಗೆ ವರ್ಷವಿಡೀ ನಿಜವಾದ ಪಂದ್ಯದ ಅನುಭವ ಸಿಗುತ್ತದೆ. ಸೋಲುವ ತಂಡ, ಅಥವಾ ಕಷ್ಟಪಟ್ಟು ಗೆಲ್ಲುವ ತಂಡ, ತನ್ನ ಒಳ್ಳೆ ಆಟಗಾರರನ್ನೇ ಕೊನೆಯ ನಿಮಿಷದವರೆಗೆ ಆಡಿಸಬೇಕು. ಮುಂದಿನ ವರ್ಷ ಅವರೆಲ್ಲ ಓದು ಮುಗಿಸಿ ಹೋದಾಗ ಅಲ್ಲಿ ಹೊಸಬರು ಇಳಿಯುತ್ತಾರೆ. ಇಲ್ಲಿ ಇಳಿಯುವವನು ಹೆಸರಿಗೆ ಹೊಸಬ. ಹತ್ತು ಹದಿನೈದು ಪಂದ್ಯಗಳ ದ್ವಿತೀಯಾರ್ಧ ಆಡಿ ಬಂದವನು.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ, ಅದು ಡಿಸೆಂಬರ್. ಸಾಮಾನ್ಯ ಸೀಸನ್‌ನಲ್ಲಿ 10 ಪಂದ್ಯ. ನವೆಂಬರ್ ಮಧ್ಯಕ್ಕೆ ಹೆಚ್ಚಿನ ತಂಡಗಳ ಆಟ ಮುಗಿದು ಹುಡುಗರು ಹೆಲ್ಮೆಟ್ ವಾಪಸ್ ಕೊಡುತ್ತಾರೆ. 2005ರಲ್ಲಿ ಪ್ಲೇಆಫ್ 32 ತಂಡಗಳದ್ದಾಯಿತು, ಅಂದರೆ ಫೈನಲ್‌ವರೆಗೆ ಹೋದವರಿಗೆ ಇನ್ನೂ ಐದು ಪಂದ್ಯ, ಐದು ವಾರ. ನಾಲ್ಕು ವರ್ಷವೂ ಫೈನಲ್ ಆಡಿದ ಹುಡುಗ 60 ಪಂದ್ಯದ ತಂಡದಲ್ಲಿರುತ್ತಾನೆ. ಪ್ಲೇಆಫ್ ಕಾಣದ ಕಾಲೇಜಿನ ಹುಡುಗನಿಗೆ 40. ಎರಡು ಸೀಸನ್‌ನಷ್ಟು ವ್ಯತ್ಯಾಸ! ಡಿವಿಷನ್ 3ರಲ್ಲಿ ವಸಂತ ಕಾಲದ ಅಭ್ಯಾಸಕ್ಕೆ ಬಿಗಿ ಕಡಿವಾಣ ಇದೆ, ಪೂರ್ತಿ ಗುದ್ದಾಟದ ಅಭ್ಯಾಸಕ್ಕೆ ಬಹಳ ವರ್ಷ ಅವಕಾಶವೇ ಇರಲಿಲ್ಲ. ಹಾಗಾಗಿ ಡಿಸೆಂಬರ್‌ನ ಆ ಐದು ವಾರಕ್ಕೆ ಬೆಲೆ ಇನ್ನೂ ಜಾಸ್ತಿ. ಎಲ್ಲರಿಗೂ ಸಮ ಇರಲಿ ಅಂತ ಮಾಡಿದ ನಿಯಮ, ಗೆದ್ದವರಿಗೆ ಮಾತ್ರ ಹೆಚ್ಚುವರಿ ಅಭ್ಯಾಸ ಕೊಟ್ಟಿತು.

ನೇಟ್ ಕ್ಮಿಕ್ ಇದಕ್ಕೆ ಒಳ್ಳೆ ಉದಾಹರಣೆ. 2005ರಿಂದ 2008ರವರೆಗೆ ಮೌಂಟ್ ಯೂನಿಯನ್‌ಗೆ ಚೆಂಡು ಹಿಡಿದು ಓಡಿದ ಹುಡುಗ. ಒಟ್ಟು 8,074 ಗಜ. ಎನ್‌ಸಿಎಎ ಇತಿಹಾಸದಲ್ಲಿ 8,000 ಗಜ ದಾಟಿದ ಮೊದಲ ಆಟಗಾರ. ಅವನ ಸಾಮರ್ಥ್ಯ ದೊಡ್ಡದು, ಸಂಶಯವೇ ಇಲ್ಲ. ಆದರೆ ನಾಲ್ಕು ವರ್ಷವೂ ತಂಡ ಫೈನಲ್‌ವರೆಗೆ ಹೋಗದಿದ್ದರೆ ಅಷ್ಟು ಓಡಲು ಅವನಿಗೆ ಪಂದ್ಯಗಳೇ ಸಿಗುತ್ತಿರಲಿಲ್ಲ.

ಇಷ್ಟಾದ ಮೇಲೆ ಒಳ್ಳೆಯವರು ತಾವಾಗಿಯೇ ಹುಡುಕಿಕೊಂಡು ಬರತೊಡಗುತ್ತಾರೆ. ಪಿಯರ್ ಗಾರ್ಸೋನ್ ಫ್ಲೋರಿಡಾದಲ್ಲಿ ಬೆಳೆದವನು. 2004ರಲ್ಲಿ ವರ್ಮಾಂಟ್‌ನ ನಾರ್ವಿಚ್ ಅನ್ನುವ ಮಿಲಿಟರಿ ಕಾಲೇಜಿನಲ್ಲಿ ಆಡಿದ. ಮುಂದಿನ ವರ್ಷ ಮೌಂಟ್ ಯೂನಿಯನ್‌ಗೆ ಬಂದ. ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದು, 2008ರಲ್ಲಿ ಎನ್‌ಎಫ್‌ಎಲ್ ಸೇರಿದ. ಮ್ಯಾಟ್ ಕ್ಯಾಂಪ್‌ಬೆಲ್ ಡಿವಿಷನ್ 1ರ ಪಿಟ್ಸ್‌ಬರ್ಗ್ ಬಿಟ್ಟು ಇಲ್ಲಿಗೆ ಬಂದವರು, ಆಮೇಲೆ ಅಯೋವಾ ಸ್ಟೇಟ್‌ನ ಕೋಚ್ ಆಗಿ ಹೆಸರು ಮಾಡಿದರು. ನಿಕ್ ಸಿರಿಯಾನಿ 2000, 2001, 2002ರ ಚಾಂಪಿಯನ್ ತಂಡಗಳಲ್ಲಿದ್ದವರು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ನ ಕೋಚ್ ಆಗಿ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಒಂದು ಸಣ್ಣ ಕಾಲೇಜಿನ ಒಂದೇ ಕಾಲದ ತಂಡದಿಂದ ಇಷ್ಟು ಕೋಚ್‌ಗಳು ಹೊರಬಂದಿದ್ದು ಸುಮ್ನೆ ಅಲ್ಲ. ಅಲ್ಲಿ ಹುಡುಗರು ಆಟದ ಜೊತೆಗೆ, ಆಟ ಕಲಿಸುವುದನ್ನೂ ದಿನಾ ನೋಡುತ್ತಿದ್ದರು.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ, ಹೇಳದೆ ಇರಲಾರೆ. ಆ ನೂರೈವತ್ತರಲ್ಲಿ ಎಷ್ಟೋ ಹುಡುಗರು ಡಿಸೆಂಬರ್‌ನ ದೊಡ್ಡ ಪಂದ್ಯದಲ್ಲಿ ಒಮ್ಮೆಯೂ ಮೈದಾನಕ್ಕೆ ಇಳಿಯುವುದಿಲ್ಲ. ಫೀಸು ಅವರೂ ಕಟ್ಟುತ್ತಾರೆ. ಬೆಳಗ್ಗೆ ಬೇಗ ಎದ್ದು ವೇಟ್ ಎತ್ತುತ್ತಾರೆ. ಎದುರಾಳಿ ತಂಡದ ಆಟವನ್ನು ಅನುಕರಿಸಿ, ವಾರವಿಡೀ ಮೊದಲ ಸಾಲಿನವರಿಂದ ಗುದ್ದಿಸಿಕೊಳ್ಳುತ್ತಾರೆ. ಎಲ್ಲರೂ ನಾಲ್ಕು ವರ್ಷ ಉಳಿಯುವುದೂ ಇಲ್ಲ. ಈ ಗೆಲುವುಗಳ ಅರ್ಧ ಭಾರ ಹೊತ್ತವರು ಅವರೇ ಅಂತ ನನ್ನ ನಂಬಿಕೆ. ಅವರ ಹೆಸರು ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಇವರನ್ನು ಸೋಲಿಸಿದವರು ಯಾರು ಅಂತ ನೋಡಿದರೆ ನನ್ನ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. 1999ರ ಸೆಮಿಫೈನಲ್‌ನಲ್ಲಿ ರೋವನ್ ತಂಡ ಓವರ್‌ಟೈಮ್‌ನಲ್ಲಿ 24-17ರಿಂದ ಗೆದ್ದು 54ರ ಸರಣಿ ಮುರಿಯಿತು. 2003ರ ಫೈನಲ್‌ನಲ್ಲಿ ಗಲಿಯಾರ್ಡಿಯವರ ಸೇಂಟ್ ಜಾನ್ಸ್ 24-6ರಿಂದ ಗೆದ್ದಿತು. ಮೌಂಟ್ ಯೂನಿಯನ್ ಟಚ್‌ಡೌನ್ ಹೊಡೆಯಲು ಗೆರೆಯ ಹತ್ತಿರ ಬಂದು ಎಸೆದ ಚೆಂಡನ್ನು ಸೇಂಟ್ ಜಾನ್ಸ್ ಆಟಗಾರ ಹಾರಿ ಹಿಡಿದು, ಮೈದಾನದ ಈ ತುದಿಯಿಂದ ಆ ತುದಿಗೆ, ನೂರು ಗಜ ಓಡಿಬಿಟ್ಟ. ಅಲ್ಲಿಗೆ 55ರ ಸರಣಿ ಮುಗಿಯಿತು. ಇವೆರಡೂ ಒಂದೊಂದು ದಿನದ ಸೋಲು.

ನಿಜವಾಗಿ ಸಮಸಮಕ್ಕೆ ನಿಂತದ್ದು ವಿಸ್ಕಾನ್ಸಿನ್-ವೈಟ್‌ವಾಟರ್. 2005ರಿಂದ 2014ರವರೆಗಿನ ಹತ್ತು ಫೈನಲ್‌ಗಳಲ್ಲಿ ಒಂಬತ್ತು ಇವರಿಬ್ಬರ ನಡುವೆಯೇ. ಆರು ಸಲ ವೈಟ್‌ವಾಟರ್ ಗೆದ್ದಿತು, ಆರೂ ಲ್ಯಾನ್ಸ್ ಲೈಪೋಲ್ಡ್ ಕೋಚ್ ಆಗಿದ್ದಾಗ. ಎಂಟು ಸೀಸನ್‌ನಲ್ಲಿ 109 ಗೆಲುವು, ಆರು ಸೋಲು. ಇಲ್ಲಿ ಕಾರಣ ಬೇರೆ. ವೈಟ್‌ವಾಟರ್ ಸರಕಾರಿ ಯೂನಿವರ್ಸಿಟಿ. ಹತ್ತು ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳು, ರಾಜ್ಯದ ಹುಡುಗರಿಗೆ ಫೀಸು ಕಡಿಮೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಡಿವಿಷನ್ 1 ಫುಟ್‌ಬಾಲ್ ಇರುವುದು ಮ್ಯಾಡಿಸನ್‌ನಲ್ಲಿ ಮಾತ್ರ. ಡಿವಿಷನ್ 2 ಫುಟ್‌ಬಾಲ್ ಇಲ್ಲವೇ ಇಲ್ಲ. ಮ್ಯಾಡಿಸನ್‌ನಲ್ಲಿ ಜಾಗ ಸಿಗದ ಹುಡುಗ ತನ್ನ ರಾಜ್ಯದಲ್ಲೇ ಆಡಬೇಕು ಅಂದರೆ ಡಿವಿಷನ್ 3ಕ್ಕೇ ಬರಬೇಕು. ಬೇರೆ ರಾಜ್ಯಗಳಲ್ಲಿ ಡಿವಿಷನ್ 2 ಸ್ಕಾಲರ್‌ಶಿಪ್ ಪಡೆಯುತ್ತಿದ್ದ ಹುಡುಗರು ಇಲ್ಲಿ ವೈಟ್‌ವಾಟರ್ ಜೆರ್ಸಿ ಹಾಕುತ್ತಾರೆ. ಮೌಂಟ್ ಯೂನಿಯನ್ ತಾನೇ ಕಟ್ಟಿಕೊಂಡದ್ದನ್ನು ವೈಟ್‌ವಾಟರ್‌ಗೆ ಭೂಗೋಳವೇ ಕೊಟ್ಟಿತ್ತು. ಲೈಪೋಲ್ಡ್ 2014ರ ನಂತರ ದೊಡ್ಡ ಡಿವಿಷನ್‌ಗೆ ಹೋದರು. ವೈಟ್‌ವಾಟರ್ ಆಮೇಲೂ ಬಲಿಷ್ಠವಾಗಿಯೇ ಇತ್ತು, ಆದರೆ ಮೊದಲಿನ ಹಾಗೆ ಪ್ರಶಸ್ತಿಗಳು ಬರಲಿಲ್ಲ.

ಕ್ರಿಕೆಟ್ ನೋಡುವವರಿಗೆ ಇದು ಹೊಸ ಕಥೆ ಅನಿಸಲಾರದು. 1958-59ರಿಂದ 1972-73ರವರೆಗೆ ಬಾಂಬೆ ಸತತ 15 ಸಲ ರಣಜಿ ಟ್ರೋಫಿ ಗೆದ್ದಿತ್ತು. ಮರುವರ್ಷ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಮೊದಲ ಇನಿಂಗ್ಸ್ ಮುನ್ನಡೆಯಿಂದ ಅವರನ್ನು ದಾಟಿ, ಮೊದಲ ಸಲ ಟ್ರೋಫಿಯನ್ನೂ ಗೆದ್ದಿತು. ಬಾಂಬೆಯ ಮೈದಾನ ಕ್ರಿಕೆಟ್‌ನಲ್ಲಿ ರಣಜಿ ತಂಡಕ್ಕೆ ಬಾರದ ಎಷ್ಟೋ ಹುಡುಗರು ಬೇರೆ ರಾಜ್ಯದಲ್ಲಾದರೆ ಆಡುತ್ತಿದ್ದರು ಅಂತ ಹಿರಿಯರು ಹೇಳುವುದುಂಟು. ಹಿಂದೆ ಕಾಯುವವರ ಸಾಲು ಉದ್ದ ಇದ್ದಷ್ಟೂ ಮುಂದಿನವನು ಮೈಮರೆಯಲು ಆಗುವುದಿಲ್ಲ.

ಈಗ ಮೌಂಟ್ ಯೂನಿಯನ್ ಎಲ್ಲಿದೆ? 2016ರಲ್ಲಿ ಜಾನ್ ಕ್ಯಾರೊಲ್ ತಂಡ 31-28ರಿಂದ ಗೆದ್ದು ಇವರ 112 ಪಂದ್ಯಗಳ ನಿಯಮಿತ ಸೀಸನ್ ಸರಣಿಯನ್ನು ನಿಲ್ಲಿಸಿತು. 2020ರಲ್ಲಿ ವಿನ್ಸ್ ಕೇರಸ್ ಟೊಲೆಡೊಗೆ ಹೋದರು, ಜೆಫ್ ಡಾರ್ಟ್ ಬಂದರು. ತಂಡ ಕುಸಿಯಲಿಲ್ಲ. 2022ರಲ್ಲಿ ಫೈನಲ್, 2024ರ ಸೀಸನ್‌ನಲ್ಲಿ ಮತ್ತೆ ಫೈನಲ್. ಎರಡೂ ಸಲ ಷಿಕಾಗೋ ಹೊರವಲಯದ ನೇಪರ್‌ವಿಲ್‌ನ ನಾರ್ತ್ ಸೆಂಟ್ರಲ್ ಎದುರು ಸೋಲು, 28-21 ಮತ್ತು 41-25. 2017ರ ನಂತರ ಪ್ರಶಸ್ತಿ ಇಲ್ಲ. ಆಟಗಾರರು ಕಾಲೇಜು ಬದಲಿಸುವುದು ಈಗ ಸುಲಭ. ಎರಡು ವರ್ಷ ಇಲ್ಲಿ ಬೆಳೆದವನು ಮೂರನೇ ವರ್ಷ ಸ್ಕಾಲರ್‌ಶಿಪ್ ಕೊಡುವ ಕಡೆ ಹೋಗಬಹುದು. ಹುಡುಗರು ನಾಲ್ಕು ವರ್ಷ ಒಂದೇ ಕಡೆ ಉಳಿಯುತ್ತಾರೆ ಅನ್ನುವ ನಂಬಿಕೆಯ ಮೇಲೆ ಕಟ್ಟಿದ ತಂಡಕ್ಕೆ ಇದು ಬರೀ ಒಬ್ಬ ಆಟಗಾರನ ನಷ್ಟ ಅಲ್ಲ. ಪ್ಲೇಆಫ್ ಕೂಡ 2024ರಲ್ಲಿ 40 ತಂಡಗಳಿಗೆ ದೊಡ್ಡದಾಯಿತು, ಡಿಸೆಂಬರ್ ಅಭ್ಯಾಸ ಸ್ವಲ್ಪ ಜಾಸ್ತಿ ಜನರಿಗೆ ಸಿಗುತ್ತಿದೆ.

ಹಾಗಾಗಿ ಈ ತಂಡದ ಬಗ್ಗೆ ತಿಳಿಯಬೇಕು ಅಂದರೆ ನಾನು ಫೈನಲ್ ಸ್ಕೋರು ನೋಡುವುದಿಲ್ಲ. ಅಕ್ಟೋಬರ್‌ನ ಯಾವುದೋ ಒಂದು ಸಾಧಾರಣ ಶನಿವಾರ, ಮೂರನೇ ಕ್ವಾರ್ಟರ್‌ನಲ್ಲಿ ಶುಭ್ರ ಪ್ಯಾಂಟಿನ ಹುಡುಗರು ಎಷ್ಟು ಜನ ಇಳಿಯುತ್ತಾರೆ, ಅವರಲ್ಲಿ ಎಷ್ಟು ಜನ ಮುಂದಿನ ವರ್ಷವೂ ಅಲ್ಲೇ ಇರುತ್ತಾರೆ, ಅದನ್ನು ನೋಡುತ್ತೇನೆ.